ಕಡಲ ಹವೆಯಲ್ಲಿ ಟಿಟಿ ಸರ್ವ್: ಮೊದಲು ಜಾಗ, ಆಮೇಲೆ ಸ್ಪಿನ್

11–9ಕ್ಕೆ ಮುಗಿದ ಒಂದು ಗೇಮ್‌ನಲ್ಲಿ ಒಟ್ಟು 20 ಪಾಯಿಂಟ್. ಎರಡೆರಡು ಸರ್ವ್ ಆದ ಮೇಲೆ ಸರದಿ ಬದಲಾಗುವುದರಿಂದ ಅದರಲ್ಲಿ 10 ಪಾಯಿಂಟ್ ನಿಮ್ಮ ಕೈಯಿಂದಲೇ ಶುರುವಾಗಿರುತ್ತವೆ. ಟೇಬಲ್ ಟೆನಿಸ್‌ನ ಉಳಿದೆಲ್ಲ ಹೊಡೆತ ಎದುರಾಳಿ ಕೊಟ್ಟ ಚೆಂಡಿಗೆ ಕೊಡುವ ಉತ್ತರ. ಸರ್ವ್ ಮಾತ್ರ ಪೂರ್ತಿ ನಿಮ್ಮದು. ಹಾಗಿದ್ದೂ ಸಂಜೆ ಹಾಲ್‌ಗೆ ಬಂದವರು ಬ್ಯಾಟ್ ಹೊರತೆಗೆದ ಕೂಡಲೇ ರ‍್ಯಾಲಿಗೆ ಇಳಿಯುತ್ತಾರೆ, ಹತ್ತು ನಿಮಿಷ ಕಳೆಯುವುದರೊಳಗೆ ಗೇಮ್ ಶುರು. ಇರುವುದೊಂದೇ ಟೇಬಲ್, ಬೆಂಚಿನ ಮೇಲೆ ಕಾಯುವವರು ಆರು ಜನ ಅಂದರೆ ಬೇರೆ ದಾರಿಯೂ ಇರುವುದಿಲ್ಲ. ಆದರೆ ಸರ್ವ್ ಅಭ್ಯಾಸಕ್ಕೆ ಜೊತೆಗಾರ ಬೇಕಾಗಿಲ್ಲ. ಉಳಿದವರಿಗಿಂತ 20 ನಿಮಿಷ ಮೊದಲು ಹೋದರೆ ಸಾಕು.

ಸರ್ವ್ ಸುಧಾರಿಸಬೇಕು ಎಂದುಕೊಂಡವರು ಸಾಮಾನ್ಯವಾಗಿ ಮೊದಲ ದಿನವೇ ಸ್ಪಿನ್‌ನ ಬೆನ್ನು ಹತ್ತುತ್ತಾರೆ. ಇಲ್ಲಿ ಹೇಳುವ ಕ್ರಮ ಬೇರೆ: ಮೊದಲು ನಿಯಮಕ್ಕೆ ಒಪ್ಪುವ ಟಾಸ್ (ಸರ್ವ್‌ಗೆಂದು ಚೆಂಡನ್ನು ಮೇಲಕ್ಕೆ ಎಸೆಯುವುದು), ಆಮೇಲೆ ಚೆಂಡು ಬೀಳುವ ಜಾಗ, ಕೊನೆಗೆ ಸ್ಪಿನ್. ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಆದ ಕಾರಣವೂ ಒಂದಿದೆ. ಕಾರವಾರದಿಂದ ಭಟ್ಕಳದವರೆಗಿನ ಕಡಲ ಪಟ್ಟಿಯಲ್ಲಿ ವರ್ಷದ ಬಹುಭಾಗ, ಶಿರಸಿ–ಸಿದ್ದಾಪುರದ ಘಟ್ಟದ ಮೇಲೆ ಮಳೆಗಾಲದ ಅಷ್ಟೂ ತಿಂಗಳು ಹವೆಯಲ್ಲಿ ತೇವ ತುಂಬಿರುತ್ತದೆ. ತೇವಕ್ಕೆ ಬ್ಯಾಟ್ ಮೇಲಿನ ರಬ್ಬರ್ ಜಾರುತ್ತದೆ, ರಬ್ಬರ್ ಜಾರಿದರೆ ಸ್ಪಿನ್ ಹೋಯಿತು. ಸ್ಪಿನ್ ಒಂದನ್ನೇ ನಂಬಿದ ಸರ್ವ್ ಜೂನ್ ಬಂದೊಡನೆ ಸತ್ತುಹೋಗುತ್ತದೆ. ಗಿಡ್ಡಕ್ಕೆ, ತಗ್ಗಾಗಿ, ಹೇಳಿದ ಜಾಗಕ್ಕೆ ಬೀಳುವ ಸರ್ವ್ ಆಗಲೂ ಅನ್ನ ಕೊಡುತ್ತದೆ.

ಟಾಸ್

ಕ್ಲಬ್ಬಿನ ಆಟದಲ್ಲಿ ಯಾರೂ ಕೇಳುವುದಿಲ್ಲ ಎಂದು ಅಂಗೈಯಿಂದ ನೇರ ಬ್ಯಾಟ್ ಮೇಲೆ ಚೆಂಡು ಬೀಳಿಸಿ ಸರ್ವ್ ಮಾಡುವ ರೂಢಿ ಬೆಳೆಸಿಕೊಂಡವರು ಟೂರ್ನಮೆಂಟ್‌ನಲ್ಲಿ ಅಂಪೈರ್ ಎದುರು ಕಂಗಾಲಾಗುತ್ತಾರೆ. ಆ ರೂಢಿ ಬಿಡಿಸಲು ಹೊಸದನ್ನು ಕಲಿಸುವುದಕ್ಕಿಂತ ಹೆಚ್ಚು ದಿನ ಬೇಕು. ಆದ್ದರಿಂದ ಇದನ್ನು ಮೊದಲೇ ಸರಿಮಾಡಿಕೊಳ್ಳಿ.

ಚೆಂಡು ಬಿಚ್ಚಿದ ಅಂಗೈ ಮೇಲೆ ಅಲುಗದೆ ಕೂತಿರಬೇಕು. ಬೆರಳಲ್ಲಿ ಹಿಡಿಯುವಂತಿಲ್ಲ, ಬಟ್ಟಲಿನ ಹಾಗೆ ಅಂಗೈ ಮಡಚುವಂತಿಲ್ಲ. ಅಲ್ಲಿಂದ ಹೆಚ್ಚುಕಡಿಮೆ ನೇರ ಮೇಲಕ್ಕೆ, ಸ್ಪಿನ್ ಕೊಡದೆ, ಅಂಗೈ ಬಿಟ್ಟ ಮೇಲೆ ಕನಿಷ್ಠ 16 ಸೆಂ.ಮೀ. ಎತ್ತರಕ್ಕೆ ಚೆಂಡು ಹೋಗಬೇಕು. ನೆಟ್‌ನ ಎತ್ತರ 15.25 ಸೆಂ.ಮೀ. ಇರುವುದರಿಂದ ಅಳತೆ ಕಣ್ಣೆದುರಿಗೇ ಇದೆ: ನೆಟ್‌ಗಿಂತ ತುಸು ಹೆಚ್ಚು. ಚೆಂಡು ಕೆಳಗಿಳಿಯಲು ಶುರುವಾದ ಮೇಲೆಯೇ ಹೊಡೆಯಬೇಕು. ಶುರುವಿನಿಂದ ಹೊಡೆಯುವವರೆಗೂ ಚೆಂಡು ಟೇಬಲ್‌ನ ಮಟ್ಟಕ್ಕಿಂತ ಮೇಲೆ, ನಿಮ್ಮ ತುದಿಗೆರೆಯ ಹಿಂದೆ ಇರಬೇಕು. ಮೈಯಿಂದಲೋ ಬಟ್ಟೆಯಿಂದಲೋ ಅದನ್ನು ಮರೆಮಾಡಬಾರದು. ಟಾಸ್ ಆದ ತಕ್ಷಣ ಖಾಲಿ ಕೈಯನ್ನು ಚೆಂಡು ಮತ್ತು ನೆಟ್‌ನ ನಡುವಿನಿಂದ ತೆಗೆಯಬೇಕು. ಚೆಂಡು ಮರೆಮಾಡಿ ಸರ್ವ್ ಮಾಡುವುದನ್ನು ತಡೆಯುವ ನಿಯಮ ಬಿಗಿಯಾದದ್ದು 2002ರಲ್ಲಿ. ಅದಕ್ಕೂ ಹಿಂದೆ ಆಡಿದ ಹಿರಿಯರಿಂದ ಕಲಿತವರಲ್ಲಿ ಭುಜ ತಿರುಗಿಸಿ ಮುಚ್ಚುವ ಅಭ್ಯಾಸ ಈಗಲೂ ಕಾಣುತ್ತದೆ. ಸರ್ವ್ ನಿಯಮಕ್ಕೆ ಒಪ್ಪುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಅಂಪೈರ್ ಮೊದಲ ಸಲ ಎಚ್ಚರಿಸಿ ಲೆಟ್ (ಪಾಯಿಂಟ್ ಇಲ್ಲದೆ ಮತ್ತೊಮ್ಮೆ ಸರ್ವ್) ಕೊಡಬಹುದು. ಸ್ಪಷ್ಟವಾಗಿ ತಪ್ಪಿದ್ದರೆ ಎಚ್ಚರಿಕೆಯೂ ಇಲ್ಲ, ಪಾಯಿಂಟ್ ನೇರ ಎದುರಾಳಿಗೆ. ಚೆಂಡು ಎಸೆದು ಬ್ಯಾಟ್‌ಗೆ ತಾಗಿಸದೆ ಬಿಟ್ಟರೂ ಪಾಯಿಂಟ್ ಹೋಗುತ್ತದೆ. ‘ಟಾಸ್ ಸರಿಯಾಗಲಿಲ್ಲ, ಇನ್ನೊಮ್ಮೆ’ ಎನ್ನಲು ಅವಕಾಶವಿಲ್ಲ.

ಅಭ್ಯಾಸ ಹೀಗೆ. ಬ್ಯಾಟ್ ಬದಿಗಿಟ್ಟು 30 ಸಲ ಬರೀ ಟಾಸ್ ಮಾಡಿ. ಚೆಂಡು ಅದೇ ಅಂಗೈಗೆ ಮರಳಿ ಬೀಳಬೇಕು, ಅದಕ್ಕಾಗಿ ಕೈ ಅತ್ತಿತ್ತ ಹುಡುಕಿಕೊಂಡು ಹೋಗಬಾರದು. ಮೊಣಕೈಯಿಂದ ಎಸೆಯದೆ ಇಡೀ ಮುಂಗೈಯನ್ನು ಲಿಫ್ಟ್‌ನಂತೆ ಮೇಲೆತ್ತಿ ಬಿಟ್ಟರೆ ಚೆಂಡು ನೇರ ಹೋಗುತ್ತದೆ. ಸೀಲಿಂಗ್ ಫ್ಯಾನ್ ಆರಿಸಿ. ಕಾರವಾರ, ಅಂಕೋಲಾದಂಥ ಊರುಗಳಲ್ಲಿ ಮಧ್ಯಾಹ್ನದ ನಂತರ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ಪಶ್ಚಿಮದ ಕಿಟಕಿ ತೆರೆದ ಹಾಲ್‌ನಲ್ಲಿ 2.7 ಗ್ರಾಂ ತೂಕದ ಚೆಂಡನ್ನು ಒಂದು ಮೀಟರ್ ಮೇಲಕ್ಕೆ ಎಸೆದರೆ ಎಲ್ಲಿ ಇಳಿಯುತ್ತದೋ ಹೇಳಲಾಗದು. ಅಂಥ ಕಡೆ 20ರಿಂದ 30 ಸೆಂ.ಮೀ. ಟಾಸ್ ಸಾಕು. ಎತ್ತರದ ಟಾಸ್ ನೋಡಲು ಚೆಂದ. ಕಲಿಯುವವರಿಗೆ ಅದರಿಂದ ಸಿಗುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಹಿಡಿತ ಮತ್ತು ನಿಲುವು

ಇಲ್ಲಿಂದ ಮುಂದೆ ಹೇಳುವುದು ಬಲಗೈ ಆಟಗಾರರಿಗೆ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಳ್ಳಿ. ಫೋರ್‌ಹ್ಯಾಂಡ್ ಪೆಂಡುಲಂ ಸರ್ವ್‌ಗೆ ಟೇಬಲ್‌ನ ಎಡ ಮೂಲೆಯ ಹೊರಗೆ, ಎಡಭುಜ ಟೇಬಲ್ ಕಡೆಗೆ ಇರುವಂತೆ ಓರೆಯಾಗಿ ನಿಲ್ಲಿ. ಎಡಗಾಲು ಮುಂದೆ, ತೂಕ ಬಲಗಾಲಿನ ಮೇಲೆ, ಮೊಣಕಾಲು ತುಸು ಬಾಗಿರಲಿ. ರ‍್ಯಾಲಿಯಲ್ಲಿ ಹಿಡಿಯುವಂತೆ ಐದೂ ಬೆರಳಿಂದ ಹಿಡಿಕೆ ಬಿಗಿದರೆ ಮಣಿಕಟ್ಟು ತಿರುಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬ್ಲೇಡ್ (ಬ್ಯಾಟ್‌ನ ಚಪ್ಪಟೆ ಭಾಗ) ಹಿಡಿದು, ಉಳಿದ ಮೂರು ಬೆರಳನ್ನು ಹಿಡಿಕೆಯಿಂದ ಸಡಿಲಿಸಿ ಮಡಚಿಕೊಳ್ಳಿ. ಈಗ ಬರೀ ಮಣಿಕಟ್ಟಿನಿಂದ ಬ್ಯಾಟ್‌ನ ತುದಿಯನ್ನು ಬಲದಿಂದ ಎಡಕ್ಕೆ ತೂಗಿ ನೋಡಿ. ಗೋಡೆ ಗಡಿಯಾರದ ಲೋಲಕದಂತೆ ಸಲೀಸಾಗಿ ಆಡಿದರೆ ಹಿಡಿತ ಸರಿ. ಸರ್ವ್ ಮುಗಿದ ಮರುಕ್ಷಣವೇ ಮಾಮೂಲಿ ಹಿಡಿತಕ್ಕೆ ಮರಳಬೇಕು, ಇದನ್ನೂ ಸರ್ವ್‌ನ ಭಾಗವೆಂದೇ ಅಭ್ಯಾಸ ಮಾಡಿ.

ಹತ್ತು–ಹನ್ನೆರಡು ವರ್ಷದ ಮಕ್ಕಳಿಗೆ ಬ್ಯಾಕ್‌ಹ್ಯಾಂಡ್ ಸರ್ವ್‌ನಿಂದ ಶುರುಮಾಡಿಸುವುದು ಒಳ್ಳೆಯದು. ಟೇಬಲ್‌ಗೆ ಎದುರಾಗಿ ನಿಂತು ಹೊಟ್ಟೆಯ ಮುಂದೆ ಚೆಂಡು ಹೊಡೆಯುವುದರಿಂದ ಎಲ್ಲವೂ ಕಣ್ಣೆದುರಿಗಿರುತ್ತದೆ, ಹಿಡಿತ ಬದಲಿಸುವ ಕೆಲಸವಿಲ್ಲ, ಚೆಂಡು ಮರೆಯಾಯಿತೆಂಬ ತಕರಾರೂ ಬರುವುದಿಲ್ಲ.

ಚೆಂಡು ಬೀಳುವ ಜಾಗ

ಹೆಚ್ಚಿನವರು ಅವಸರದಲ್ಲಿ ದಾಟಿಹೋಗುವುದು ಈ ಪಾಠವನ್ನೇ. ಟೇಬಲ್‌ನ ಉದ್ದ 274 ಸೆಂ.ಮೀ., ಒಂದು ಅರ್ಧ 137. ಸರ್ವ್ ಎಷ್ಟು ಉದ್ದ ಎಂಬುದನ್ನು ತೀರ್ಮಾನಿಸುವುದು ಎದುರಾಳಿಯ ಕಡೆಯ ಎರಡನೇ ಪುಟಿತ. ಬಿಟ್ಟರೆ ಅವರ ಅರ್ಧದಲ್ಲಿ ಎರಡು ಸಲ ಪುಟಿಯುವ ಸರ್ವ್ ಗಿಡ್ಡ. ಒಂದೇ ಸಲ ಪುಟಿದು ಟೇಬಲ್ ದಾಟಿದರೆ ಉದ್ದ. ಎರಡನೇ ಪುಟಿತ ಸರಿಯಾಗಿ ತುದಿಗೆರೆಯ ಆಸುಪಾಸು ಬಿದ್ದರೆ ಅದು ಹಾಫ್‌ಲಾಂಗ್: ಕೈಬೀಸಿ ಹೊಡೆಯಲು ಹೋದರೆ ಬ್ಯಾಟ್ ಟೇಬಲ್‌ಗೆ ತಾಗುತ್ತದೋ ಎಂಬ ಅಂಜಿಕೆ, ಸುಮ್ಮನೆ ಪುಶ್ ಮಾಡಿದರೆ (ಚೆಂಡಿನ ತಳ ಸವರಿ ಮೆಲ್ಲಗೆ ಮರಳಿಸಿದರೆ) ಅವಕಾಶ ಬಿಟ್ಟಂತೆ. ಎದುರಾಳಿಯನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡವುವುದು ಇದೇ. ಆದರೆ ಕಲಿಯುವಾಗ ಇದು ಕೊನೆಗೆ ಬರಲಿ. ಗಿಡ್ಡ ಮತ್ತು ಉದ್ದ ಎರಡೂ ಕೈಗೆ ಕೂತವರಿಗಷ್ಟೇ ನಡುವಿನದು ಸಿಗುತ್ತದೆ.

ಎದುರಿನ ಕಡೆ ಚೆಂಡು ಎಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕಡೆಯ ಮೊದಲ ಪುಟಿತದಲ್ಲೇ ನಿಶ್ಚಯವಾಗಿರುತ್ತದೆ. ಆದ್ದರಿಂದ ಕಣ್ಣು ನೆಟ್‌ನಾಚೆಗಲ್ಲ, ನಿಮ್ಮದೇ ಅರ್ಧದ ಮೇಲಿರಲಿ.

ಗಿಡ್ಡ ಸರ್ವ್‌ಗೆ ನೆಟ್‌ನಿಂದ ಸುಮಾರು 40–60 ಸೆಂ.ಮೀ. ಈಚೆ ಮೊದಲ ಪುಟಿತ ಬೀಳಲಿ. ಹೊಡೆಯುವಾಗ ಚೆಂಡು ನೆಟ್‌ನ ಎತ್ತರದಲ್ಲಿ ಅಥವಾ ಅದಕ್ಕೂ ಕೆಳಗಿರಬೇಕು. ಎದೆಯ ಮಟ್ಟದಲ್ಲಿ ಹೊಡೆದ ಚೆಂಡು ಎತ್ತರದಿಂದ ಬಿದ್ದು ಎತ್ತರಕ್ಕೇ ಪುಟಿಯುತ್ತದೆ, ಎದುರಾಳಿಗೆ ಹಬ್ಬ. ‘ನನ್ನ ಸರ್ವ್ ಯಾವಾಗಲೂ ಎತ್ತರಕ್ಕೆ ಏಳುತ್ತದೆ’ ಎನ್ನುವವರಲ್ಲಿ ಮುಕ್ಕಾಲು ಪಾಲು ಜನರ ತೊಂದರೆ ಇಷ್ಟೇ: ಚೆಂಡು ಇಳಿಯುವ ತನಕ ಕಾಯುವುದಿಲ್ಲ.

ಉದ್ದದ ವೇಗದ ಸರ್ವ್‌ಗೆ ಇದಕ್ಕೆ ತದ್ವಿರುದ್ಧ. ಮೊದಲ ಪುಟಿತ ನಿಮ್ಮ ತುದಿಗೆರೆಯಿಂದ 15 ಸೆಂ.ಮೀ. ಒಳಗೇ ಬೀಳಬೇಕು, ಎದುರಿನ ಕಡೆ ಕೊನೆಯ 15 ಸೆಂ.ಮೀ.ಯಲ್ಲಿ ಇಳಿಯಬೇಕು. ಮೊದಲ ಪುಟಿತ ಟೇಬಲ್‌ನ ನಡುವೆ ಬಿದ್ದರೆ, ಅಷ್ಟೇ ವೇಗದ ಚೆಂಡು ಟೇಬಲ್ ದಾಟಿ ಹೊರಗೆ ಹೋಗುತ್ತದೆ. ಇಲ್ಲೂ ಹೊಡೆತ ತಗ್ಗಿನಲ್ಲೇ. ಬ್ಯಾಟ್ ಮುಂದಕ್ಕೆ ಚುರುಕಾಗಿ ಹೋಗಲಿ, ಕೆಳಕ್ಕೆ ಕುಟ್ಟಬೇಡಿ.

ಅಭ್ಯಾಸಕ್ಕೆ ಬೇಕಾದದ್ದು ಒಂದೂವರೆ–ಎರಡು ಡಜನ್ ಚೆಂಡು, ಒಂದು ಬಕೆಟ್, ಎರಡು ಎ4 ಹಾಳೆ, ಒಂದಿಷ್ಟು ದಾರ. ಒಂದು ಹಾಳೆ ನಿಮ್ಮ ಕಡೆ ಮೊದಲ ಪುಟಿತದ ಜಾಗದಲ್ಲಿ, ಇನ್ನೊಂದು ಎದುರಿನ ಕಡೆ. ಸುಣ್ಣಕಡ್ಡಿಯಲ್ಲಿ ಗುರುತು ಹಾಕಬೇಡಿ, ಪುಡಿ ಚೆಂಡಿಗೂ ರಬ್ಬರ್‌ಗೂ ಹತ್ತುತ್ತದೆ. ನೆಟ್‌ನ ಎರಡೂ ಕಂಬಕ್ಕೆ ಒಂದೊಂದು ಕಡ್ಡಿ ಕಟ್ಟಿ, ನೆಟ್‌ನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ದಾರ ಎಳೆಯಿರಿ. ನಮ್ಮ ಕಡೆ ಯಾವ ಪೇಟೆಯಲ್ಲೂ ಸಿಗುವ ಮೀನು ಹಿಡಿಯುವ ನೈಲಾನ್ ದಾರ ಇದಕ್ಕೆ ಹೇಳಿಮಾಡಿಸಿದ್ದು, ಜೋತುಬೀಳುವುದಿಲ್ಲ. ಚೆಂಡು ನೆಟ್ ಮತ್ತು ದಾರದ ನಡುವೆ ತೂರಿಹೋಗಬೇಕು. 20ರಲ್ಲಿ 14 ಸಲ ಎರಡೂ ಹಾಳೆ ತಾಗಿ, ದಾರದ ಕೆಳಗೂ ಹೋದರೆ ಮುಂದಿನ ಪಾಠಕ್ಕೆ ಹೋಗಬಹುದು. ಆಮೇಲೆ ಹಾಳೆಯನ್ನು ಅರ್ಧ ಮಡಚಿ.

ಒಂದು ಮಾತು: ಈ ಲೆಕ್ಕ ಟೇಬಲ್ ಸರಿಯಿದ್ದರೆ ಮಾತ್ರ. 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಸುಮಾರು 23 ಸೆಂ.ಮೀ. ಪುಟಿಯಬೇಕು, ಟೇಬಲ್‌ನ ಎಲ್ಲ ಕಡೆಯೂ ಒಂದೇ ರೀತಿ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಹಲಗೆ ತೇವ ಕುಡಿದು ಉಬ್ಬಿದ್ದರೆ ಒಂದು ಮೂಲೆಯಲ್ಲಿ ಚೆಂಡು ಸತ್ತಂತೆ ಬೀಳುತ್ತದೆ. ಸ್ಕೇಲ್ ಹಿಡಿದು ಐದಾರು ಕಡೆ ಪರೀಕ್ಷಿಸಿ, ಸರಿಯಿರುವ ಭಾಗದಲ್ಲಿ ಅಭ್ಯಾಸ ಮಾಡಿ.

ಸ್ಪಿನ್

ಹೊಸಬರು ಚೆಂಡಿಗೆ ಹೊಡೆಯುತ್ತಾರೆ. ಸ್ಪಿನ್ ಹುಟ್ಟುವುದು ಸವರುವುದರಿಂದ. ಶಿರಸಿ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುವಾಗ ಕತ್ತಿ ಸಿಪ್ಪೆಯನ್ನಷ್ಟೇ ಎಬ್ಬಿಸಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು. ಚೆಂಡಿನ ಸಿಪ್ಪೆ ಸುಲಿಯುವಂತೆ ರಬ್ಬರ್ ಹಾಯಬೇಕು. ಕಿವಿಯೂ ಇಲ್ಲಿ ಗುರು: ‘ಟಕ್’ ಎಂದರೆ ಮರದವರೆಗೆ ಒತ್ತಿದ್ದೀರಿ, ಮೆತ್ತಗೆ ‘ಸರ್’ ಎಂದರೆ ಸವರಿದ್ದೀರಿ.

ಮೊದಲು ಕಟ್, ಅಂದರೆ ಬ್ಯಾಕ್‌ಸ್ಪಿನ್ ಕಲಿಯಿರಿ. ಟೇಬಲ್ ಬಿಟ್ಟು ಸಿಮೆಂಟ್ ಅಥವಾ ಟೈಲ್ಸ್ ನೆಲದ ಮೇಲೆ ನಿಲ್ಲಿ. ಬ್ಯಾಟ್‌ನ ಮುಖ ಬಹುತೇಕ ಆಕಾಶ ನೋಡುವಂತೆ ಮಲಗಿಸಿ, ಇಳಿಯುತ್ತಿರುವ ಚೆಂಡಿನ ತಳವನ್ನು ಹಿಂದಿನಿಂದ ಮುಂದಕ್ಕೆ ಸವರಿ, ಎರಡು ಮೀಟರ್ ದೂರ ಬೀಳುವಂತೆ ಬಿಡಿ. ಚೆಂಡು ಒಂದೆರಡು ಸಲ ಪುಟಿದು ನಿಮ್ಮ ಕಾಲ ಬಳಿಗೆ ಉರುಳಿ ಬಂದರೆ ಸ್ಪಿನ್ ಇದೆ. ನಿಂತಲ್ಲೇ ನಿಂತರೆ ಸಾಲದು. ಮುಂದೆ ಓಡಿದರೆ ತಳಕ್ಕಲ್ಲ, ಬೆನ್ನಿಗೆ ತಾಗಿಸಿದ್ದೀರಿ. ಮಾರ್ಕರ್ ಪೆನ್ನಿಂದ ಚೆಂಡಿನ ಸುತ್ತ ಒಂದು ಗೆರೆ ಎಳೆದುಕೊಂಡರೆ ಸುತ್ತು ಯಾವ ದಿಕ್ಕಿಗಿದೆ, ಎಷ್ಟಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಎದುರಾಳಿಯ ಕಡೆ ಪುಟಿದು ಮತ್ತೆ ನೆಟ್ ಕಡೆಗೇ ಮರಳುವ ಸರ್ವ್ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಮಾ ಲಿನ್ ಇಂಥ ಸರ್ವ್‌ಗೆ ಹೆಸರಾದವರು. ಸ್ಪಿನ್ ಎಷ್ಟಿದೆ ಎಂದು ಅಳೆಯಲು ಇದು ಒಳ್ಳೆಯ ಪರೀಕ್ಷೆ. ಆದರೆ ನಮ್ಮ ಮಟ್ಟದ ಆಟದಲ್ಲಿ ಚೆಂಡು ಹಾಗೆ ಮರಳಬೇಕಾದರೆ ಅದು ಎತ್ತರದಿಂದ ನಿಧಾನಕ್ಕೆ ಬೀಳಬೇಕಾಗುತ್ತದೆ, ಎದುರಾಳಿ ಮುಂದೆ ಬಂದು ಆರಾಮಾಗಿ ಹೊಡೆಯುತ್ತಾನೆ. ಪಂದ್ಯಕ್ಕೆ ಬೇಕಾದದ್ದು ತಗ್ಗಿನ ಚೆಂಡು.

ಸ್ಪಿನ್ ಹೆಚ್ಚಿಸುವ ಎರಡು ಗುಟ್ಟು ಇವೆ. ಒಂದು, ತಾಗುವ ಕ್ಷಣದಲ್ಲಿ ಮಾತ್ರ ವೇಗ. ಶುರುವಿನಿಂದಲೇ ತೋಳು ಬೀಸಿದರೆ ಚೆಂಡಿಗೆ ತಾಗುವಷ್ಟರಲ್ಲಿ ವೇಗ ಇಳಿದಿರುತ್ತದೆ. ಮುಂಗೈ ನಿಧಾನಕ್ಕೆ ಬಂದು ಮಣಿಕಟ್ಟು ಕೊನೆಗೆ ಚಾಟಿಯಂತೆ ಆಡಲಿ. ಇನ್ನೊಂದು, ಚೆಂಡು ತಾಗುವ ಜಾಗ ಬ್ಯಾಟ್‌ನ ತುದಿಯ ಹತ್ತಿರವಿರಲಿ. ಬ್ಯಾಟ್ ತಿರುಗುವಾಗ ತುದಿ ಅತಿ ವೇಗವಾಗಿ, ಹಿಡಿಕೆಯ ಬುಡ ಅತಿ ನಿಧಾನವಾಗಿ ಚಲಿಸುತ್ತದೆ.

ಇದೇ ಮಾತು ಎದುರಾಳಿಯ ಕಣ್ಣು ತಪ್ಪಿಸುವ ಅತಿ ಸರಳ ಉಪಾಯವೂ ಹೌದು. ಅದೇ ಟಾಸ್, ಅದೇ ಬೀಸು; ಚೆಂಡನ್ನು ತುದಿಯ ಬದಲು ಹಿಡಿಕೆಯ ಬಳಿ ತಾಗಿಸಿದರೆ ಸ್ಪಿನ್ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕಟ್ ಇದೆಯೆಂದು ನಂಬಿ ಪುಶ್ ಮಾಡಿದವರ ಚೆಂಡು ಎತ್ತರಕ್ಕೆ ಏಳುತ್ತದೆ. ಚೆಂಡು ರಬ್ಬರ್ ಮೇಲಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಎಲ್ಲಿ ತಾಗಿತೆಂದು ಕಾಣುವುದು ಕಷ್ಟ. ಹತ್ತು ಬಗೆಯ ಸರ್ವ್ ಅರೆಬರೆ ಕಲಿಯುವುದಕ್ಕಿಂತ ಒಂದೇ ಬೀಸಿನಲ್ಲಿ ಕಟ್ ಮತ್ತು ಖಾಲಿ (ಸ್ಪಿನ್ ಇಲ್ಲದ) ಚೆಂಡು ಎರಡನ್ನೂ ಕಲಿತವರು ಹೆಚ್ಚು ಗೇಮ್ ಗೆಲ್ಲುತ್ತಾರೆ.

ಮೂರನೆಯದು ಸೈಡ್‌ಸ್ಪಿನ್. ಪೆಂಡುಲಂ ಬೀಸಿನಲ್ಲಿ ಬ್ಯಾಟ್ ಬಲದಿಂದ ಎಡಕ್ಕೆ ಬರುವುದರಿಂದ ಚೆಂಡು ನಿಮ್ಮ ಬಲಕ್ಕೆ, ಅಂದರೆ ಎದುರಾಳಿಯ ಎಡಕ್ಕೆ ಬಾಗುತ್ತದೆ. ಸುಮ್ಮನೆ ಬ್ಯಾಟ್ ಅಡ್ಡ ಹಿಡಿದರೆ ಮರಳುವ ಚೆಂಡು ನಿಮ್ಮ ಎಡ ಮೂಲೆ ಕಡೆಗೆ ಹಾರುತ್ತದೆ. ಇದು ನೆನಪಿದ್ದರೆ ಮುಂದಿನ ಹೊಡೆತಕ್ಕೆ ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತಾಗುತ್ತದೆ. ಚೆಂಡಿನ ತಳದ ಕಡೆ ತಾಗಿಸಿದರೆ ಸೈಡ್ ಜೊತೆ ಕಟ್. ಬದಿಯಲ್ಲಿ ತಾಗಿಸಿ ತುಸು ಮೇಲಕ್ಕೆ ಎಳೆದರೆ ಸೈಡ್ ಜೊತೆ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಸುತ್ತುವ ಸ್ಪಿನ್.

ಎಲ್ಲಿ ತಪ್ಪುತ್ತದೆ

ಚೆಂಡು ಪದೇ ಪದೇ ನೆಟ್‌ಗೆ ಬೀಳುತ್ತಿದ್ದರೆ ಮೊದಲ ಪುಟಿತ ನೆಟ್‌ಗೆ ತೀರಾ ಹತ್ತಿರವಾಗಿದೆ, ಇಲ್ಲವೇ ಮುಂದಕ್ಕೆ ತಳ್ಳುವ ಬಲ ಸಾಲುತ್ತಿಲ್ಲ. ಗಿಡ್ಡವಾಗಬೇಕಾದದ್ದು ಉದ್ದವಾಗುತ್ತಿದ್ದರೆ ಕಾರಣ ಸವರುವ ಬದಲು ತಳ್ಳುತ್ತಿರುವುದು. ಬಲ ಕಡಿಮೆ ಮಾಡಬೇಡಿ, ಸ್ಪಿನ್ ಹೋಗುತ್ತದೆ. ಅಷ್ಟೇ ವೇಗದಲ್ಲಿ ಇನ್ನೂ ತೆಳ್ಳಗೆ ತಾಗಿಸಿ. ಕಟ್ ಕೊಡುತ್ತೇನೆಂದು ಬ್ಯಾಟ್ ನೆಟ್ಟಗೆ ಹಿಡಿದು ಮೇಲಿಂದ ಕೆಳಕ್ಕೆ ಕಡಿಯುವವರ ಚೆಂಡು ಎತ್ತರಕ್ಕೆ ಹಾರುತ್ತದೆ, ಸ್ಪಿನ್ನೂ ಇರುವುದಿಲ್ಲ. ಚೆಂಡು ಬೆರಳಿಗೋ ಹಿಡಿಕೆಗೋ ತಾಗುತ್ತಿದ್ದರೆ ಮೈಗೆ ತೀರಾ ಹತ್ತಿರ ಟಾಸ್ ಮಾಡುತ್ತಿದ್ದೀರಿ. ಮೊಬೈಲನ್ನು ಟೇಬಲ್‌ನ ಬದಿಯಲ್ಲಿ, ಟೇಬಲ್ ಮಟ್ಟದಲ್ಲೇ ನಿಲ್ಲಿಸಿ ಸ್ಲೋಮೋಷನ್‌ನಲ್ಲಿ ಹತ್ತು ಸರ್ವ್ ಚಿತ್ರಿಸಿದರೆ ತಾಗುವ ಎತ್ತರ, ಟಾಸ್‌ನ ಎತ್ತರ ಎರಡೂ ಸ್ಪಷ್ಟವಾಗುತ್ತವೆ.

ತೇವದ ದಿನಗಳು

ಆಟಕ್ಕೆ ಮುನ್ನ ಚೆಂಡನ್ನು ರಬ್ಬರ್ ಮೇಲೆ ಒತ್ತಿ ಅಂಗೈಯಿಂದ ಉರುಳಿಸಿ ನೋಡಿ. ಹಿಡಿದು ಉರುಳಿದರೆ ಸರಿ. ಜಾರಿದರೆ ರಬ್ಬರ್ ಮೇಲೆ ತೇವವಿದೆ. ಒಣ ಹತ್ತಿಬಟ್ಟೆಯಿಂದ ಒರೆಸಿ. ಬೆವರಿನ ಕೈಯಿಂದಲೋ ಬನಿಯನ್ನಿನಿಂದಲೋ ಒರೆಸಿದರೆ ಉಪ್ಪೂ ಎಣ್ಣೆಯೂ ಸೇರಿ ಇನ್ನಷ್ಟು ಜಾರುತ್ತದೆ. ಪಂದ್ಯದಲ್ಲಿ ಪ್ರತಿ 6 ಪಾಯಿಂಟ್‌ಗೊಮ್ಮೆ ಟವಲ್ ಬಳಸಲು ಬಿಡುವಿದೆ, ಅದನ್ನು ಬ್ಯಾಟ್‌ಗೂ ಚೆಂಡಿಗೂ ಬಳಸಿಕೊಳ್ಳಿ. ಮನೆಗೆ ಬಂದ ಮೇಲೆ ಸ್ಪಂಜನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ರಬ್ಬರ್ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೇಸ್‌ಗೆ ಹಾಕಿ. ಹಸಿಯಿರುವಾಗಲೇ ಮುಚ್ಚಿದರೆ ಅಂಚಿನಿಂದ ಅಂಟು ಬಿಡುತ್ತದೆ. ಹೊಸ ಚಪ್ಪಲಿ, ಬ್ಯಾಗ್‌ಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಬ್ಯಾಟ್ ಕೇಸ್‌ನಲ್ಲಿಡಿ. ಹೊಸ ಪ್ಲಾಸ್ಟಿಕ್ ಚೆಂಡಿನ ಮೇಲೆ ಬಿಳಿ ಪುಡಿ ಇರುತ್ತದೆ, ಅದೂ ಜಾರಿಸುತ್ತದೆ; ಒರೆಸಿಯೇ ಆಡಿ.

ಇಷ್ಟಾದರೂ ಜುಲೈ ತಿಂಗಳ ಜಡಿಮಳೆಯ ದಿನ ಸ್ಪಿನ್ ಪೂರ್ತಿ ಸಿಗದು. ಅಂದು ತೆಳ್ಳಗೆ ಸವರುವ ಸರ್ವ್ ಬಿಡಿ, ತುಸು ದಪ್ಪಕ್ಕೆ ತಾಗಿಸಿ. ಖಾಲಿ ಚೆಂಡಿನ ಗಿಡ್ಡ ಸರ್ವ್ ಮತ್ತು ವೇಗದ ಉದ್ದ ಸರ್ವ್ ಹೆಚ್ಚಿಸಿ. ಉದ್ದದ್ದನ್ನು ಎದುರಾಳಿಯ ಬಲಮೊಣಕೈಗೆ ಗುರಿಯಿಟ್ಟರೆ ಫೋರ್‌ಹ್ಯಾಂಡೋ ಬ್ಯಾಕ್‌ಹ್ಯಾಂಡೋ ಎಂದು ತೀರ್ಮಾನಿಸುವುದರೊಳಗೆ ಚೆಂಡು ಮೈಮೇಲಿರುತ್ತದೆ. ಅವರ ರಬ್ಬರ್ ಕೂಡ ಜಾರುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಲೂಪ್ (ಕೆಳಗಿನಿಂದ ಮೇಲಕ್ಕೆ ಸವರಿ ಟಾಪ್‌ಸ್ಪಿನ್ ಕೊಡುವ ಹೊಡೆತ) ಮಾಡಲು ಹೋದವರ ಚೆಂಡು ನೆಟ್‌ಗೆ ಜಾರುವುದು ಇಂಥ ದಿನಗಳಲ್ಲೇ.

ಸರ್ವ್ ಆದ ಮೇಲೆ

ಸರ್ವ್ ಮಾಡಿ ಮೂಲೆಯಲ್ಲೇ ನಿಂತು ನೋಡುವುದು ದೊಡ್ಡ ತಪ್ಪು. ಬೀಸು ಮುಗಿಯುತ್ತಲೇ ಬಲಗಾಲು ಹಿಂದಿಟ್ಟು ಟೇಬಲ್‌ನಿಂದ ಒಂದು ತೋಳಿನಷ್ಟು ದೂರ ಬನ್ನಿ. ಪ್ರತಿ ಸರ್ವ್ ಜೊತೆಗೂ ಮೂರನೇ ಚೆಂಡಿನ, ಅಂದರೆ ಎದುರಾಳಿ ಮರಳಿಸಿದ ಮೇಲೆ ನೀವು ಹೊಡೆಯುವ ಹೊಡೆತದ, ಲೆಕ್ಕವಿರಲಿ: ಗಿಡ್ಡ ಕಟ್‌ಗೆ ಬಹುತೇಕ ಪುಶ್ ಬರುತ್ತದೆ, ಅದನ್ನು ಲೂಪ್ ಮಾಡಲು ಸಿದ್ಧರಿರಿ. ಖಾಲಿ ಚೆಂಡಿಗೆ ಎತ್ತರದ ಉತ್ತರ ಬರುತ್ತದೆ, ಹೊಡೆಯಿರಿ. ವೇಗದ ಉದ್ದ ಸರ್ವ್‌ಗೆ ಉತ್ತರವೂ ವೇಗವಾಗಿಯೇ ಬರುತ್ತದೆ, ಹಿಂದೆ ಸರಿಯಲು ಹೊತ್ತು ಕಡಿಮೆ. ಆದ್ದರಿಂದ ಅದನ್ನು ಐದಾರು ಸರ್ವ್‌ಗೊಮ್ಮೆ ಮಾತ್ರ ಬಳಸಿ.

ಡಬಲ್ಸ್‌ನಲ್ಲಿ ಚೆಂಡು ನಿಮ್ಮ ಬಲ ಅರ್ಧದಿಂದ ಎದುರಾಳಿಯ ಬಲ ಅರ್ಧಕ್ಕೇ ಹೋಗಬೇಕು; ನಡುಗೆರೆಯ ಮೇಲೆ ಬಿದ್ದರೂ ಸರಿ. ಅಲ್ಲಿ ಸರ್ವ್‌ನ ದಾರಿ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಉದ್ದದ ಸರ್ವ್ ಅಪಾಯ. ಗಿಡ್ಡಕ್ಕೆ, ನಡುಗೆರೆಯ ಹತ್ತಿರ ಹಾಕಿ.

ಟೂರ್ನಮೆಂಟ್‌ಗೆಂದು ಘಟ್ಟ ಹತ್ತಿ ಹುಬ್ಬಳ್ಳಿ ಕಡೆಯ ಒಣ ಹವೆಗೆ ಹೋದಾಗ ಇದೆಲ್ಲ ತಿರುಗುಮುರುಗಾಗುತ್ತದೆ. ರಬ್ಬರ್ ಇದ್ದಕ್ಕಿದ್ದಂತೆ ಚೆಂಡನ್ನು ಕಚ್ಚಿ ಹಿಡಿಯುತ್ತದೆ, ಊರಿನಲ್ಲಿ ನೆಟ್ ದಾಟುತ್ತಿದ್ದ ಕಟ್ ಸರ್ವ್ ನೆಟ್‌ಗೇ ಬೀಳತೊಡಗುತ್ತದೆ. ವಾರ್ಮ್‌ಅಪ್‌ನ ಎರಡು ನಿಮಿಷವನ್ನೂ ರ‍್ಯಾಲಿಗೆ ಕಳೆಯದೆ ಹಾಲ್‌ಗೆ ಅರ್ಧ ಗಂಟೆ ಮೊದಲೇ ಹೋಗಿ ಯಾವುದಾದರೂ ಖಾಲಿ ಟೇಬಲ್ ಮೇಲೆ 20 ಸರ್ವ್ ಹಾಕಿ, ಮೊದಲ ಪುಟಿತವನ್ನು ಒಂದು ಅಂಗೈಯಷ್ಟು ಈಚೆಗೆ ತಂದುಕೊಳ್ಳಿ.